ಮದ್ದು ಬರೆದುಕೊಟ್ಟ ಮೇಲೆ ಮಗುವನ್ನು ನೋಡಿಕೊಳ್ಳುವವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಮನಸ್ಸಿನ ಕಾಯಿಲೆಗೆ ಕೊಡುವ ಮದ್ದಿನ ಬಗ್ಗೆ. ಕೊಡಬೇಕಾ ಬೇಡ್ವಾ, ಕೊಟ್ಟರೆ ಎಷ್ಟು ಕಾಲ, ಚಟವಾಗಿಬಿಡುತ್ತದಾ, ಶಾಲೆಗೆ ಹೇಳಬೇಕಾ. ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇನೆ. ನಿಮ್ಮ ಮಗುವಿಗೆ ಡೋಸ್ ಎಷ್ಟಿರಬೇಕು ಎಂದು ಪತ್ರಿಕೆಯಲ್ಲಿ ಹೇಳಲು ಆಗುವುದಿಲ್ಲ. ಅದನ್ನು ಮಗುವನ್ನು ಕಣ್ಣಾರೆ ನೋಡಿದ ಡಾಕ್ಟರೇ ಹೇಳಬೇಕು.

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ ಒಂಬತ್ತು ವರ್ಷ. ಇಲ್ಲೇ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಒಂದು ಕಡೆ ಕೂರುವುದಿಲ್ಲ. ಬರೆಯಲು ಕೂತರೆ ಎರಡು ಸಾಲಿಗೆ ಎದ್ದು ಹೋಗುತ್ತಾನೆ. ಈ ಮಳೆಗಾಲದಲ್ಲಿ ಕಳೆದುಕೊಂಡ ಕೊಡೆಗಳಿಗೆ ಲೆಕ್ಕವಿಲ್ಲ. ಮಂಗಳೂರಿನ ಡಾಕ್ಟ್ರು ಎ.ಡಿ.ಎಚ್.ಡಿ. (ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆ) ಎಂದು ಹೇಳಿ ಮೀಥೈಲ್‌ಫೆನಿಡೇಟ್ ಬರೆದುಕೊಟ್ಟರು, ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಅತ್ತೆ, "ಇವನ ಅಪ್ಪನೂ ಸಣ್ಣವನಿರುವಾಗ ಹೀಗೇ ಇದ್ದ, ಅವನು ಮದ್ದು ತಿಂದಿದ್ದನಾ?" ಎಂದು ಕೇಳುತ್ತಾರೆ. ನೆರೆಮನೆಯವರು ಅದು ಅಮಲಿನ ಮದ್ದು, ಮಗು ಮಂಕಾಗುತ್ತದೆ ಎಂದು ಹೆದರಿಸಿದ್ದಾರೆ. ಮಾತ್ರೆ ಕಪಾಟಿನಲ್ಲೇ ಇದೆ. ಕೊಡಲಾ?
— ಒಬ್ಬ ತಾಯಿ, ಬದಿಯಡ್ಕ, ಕಾಸರಗೋಡು ಜಿಲ್ಲೆ

ಉತ್ತರ: ಅಮ್ಮ, ಮೊದಲು ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ, ಯಾಕೆಂದರೆ ಅದು ಡಾಕ್ಟರಿಗೆ ತುಂಬಾ ಬೇಕಾದ ಮಾತು. ಎ.ಡಿ.ಎಚ್.ಡಿ. ಮನೆತನದಲ್ಲಿ ಬರುವ ತೊಂದರೆ. ಅಪ್ಪನೂ ಹೀಗೇ ಇದ್ದರು ಎಂದರೆ ರೋಗನಿರ್ಣಯಕ್ಕೆ ಬಲ ಬಂದ ಹಾಗೆ. ಆಗ ಅದಕ್ಕೆ ಹೆಸರಿರಲಿಲ್ಲ, ಬೆತ್ತ ಇತ್ತು. ಮುಂದಿನ ಸಲ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರ ಸಂಶಯವನ್ನು ಅವರೇ ಡಾಕ್ಟರ ಹತ್ತಿರ ಕೇಳಲಿ. ಮನೆಯಲ್ಲಿ ಒಬ್ಬರು ಮಾತ್ರೆ ಕೊಡುವುದು, ಇನ್ನೊಬ್ಬರು "ಪಾಪ ಮಗು" ಎಂದು ಬಚ್ಚಿಡುವುದು ನಡೆದರೆ ಯಾವ ಮದ್ದೂ ಕೆಲಸ ಮಾಡುವುದಿಲ್ಲ.

ಕೊಡಲಾ ಎಂದು ಕೇಳಿದ್ದೀರಿ. ಕೊಡುವ ಮೊದಲು ಕೆಲವು ಸಂಗತಿ ಆಗಿದೆಯಾ ಎಂದು ನೋಡಿಕೊಳ್ಳಿ. ಈ ಚಂಚಲತೆ ಮನೆಯಲ್ಲೂ ಇದೆಯಾ, ಶಾಲೆಯಲ್ಲೂ ಇದೆಯಾ ಎಂದು ಡಾಕ್ಟರು ಕೇಳಿದರಾ? ಒಂದೇ ಜಾಗದಲ್ಲಿ ಮಾತ್ರ ಇದ್ದರೆ ಕಾರಣ ಬೇರೆ ಇರಬಹುದು. ಕಣ್ಣು, ಕಿವಿ ಪರೀಕ್ಷೆ ಆಯಿತಾ? ರಾತ್ರಿ ನಿದ್ದೆ ಸರಿ ಇದೆಯಾ? ಅಕ್ಷರ ಗುರುತಿಸುವುದರಲ್ಲೇ ತೊಂದರೆ ಇದೆಯಾ? ಕಲಿಕೆಯ ತೊಂದರೆ ಮತ್ತು ಎ.ಡಿ.ಎಚ್.ಡಿ. ಎಷ್ಟೋ ಮಕ್ಕಳಲ್ಲಿ ಜೊತೆಗೇ ಇರುತ್ತವೆ, ಮಾತ್ರೆಯಿಂದ ಗಮನ ಕೂಡಿಬಂದರೂ ಓದಲು ಬಾರದ ಮಗುವಿಗೆ ಓದು ತನ್ನಿಂದ ತಾನೇ ಬರುವುದಿಲ್ಲ, ಅದಕ್ಕೆ ಬೇರೆಯೇ ಪಾಠದ ಕ್ರಮ ಬೇಕು. ಇನ್ನೊಂದು ಮುಖ್ಯ ಮಾತು: ಮಗ ಆಡುವಾಗ ತಲೆತಿರುಗಿ ಬಿದ್ದದ್ದಿದ್ದರೆ, ಅಥವಾ ಕುಟುಂಬದಲ್ಲಿ ಯಾರಾದರೂ ಸಣ್ಣ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ಹಠಾತ್ತಾಗಿ ತೀರಿಹೋಗಿದ್ದರೆ, ಮೊದಲ ಮಾತ್ರೆಗಿಂತ ಮುಂಚೆ ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಇದೆಲ್ಲ ಆಗಿದೆ ಎಂದಾದರೆ, ಹೌದು, ಕೊಡಿ. ಈ ಮದ್ದು ನಿನ್ನೆ ಮೊನ್ನೆಯದಲ್ಲ. ಜಗತ್ತಿನಲ್ಲಿ ಹಲವು ದಶಕಗಳಿಂದ ಮಕ್ಕಳಿಗೆ ಕೊಡುತ್ತಾ ಬಂದಿದ್ದಾರೆ. ಸಾದಾ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ, ನಿಧಾನವಾಗಿ ಬಿಡುಗಡೆಯಾಗುವುದು ಎಂಟರಿಂದ ಹನ್ನೆರಡು ಗಂಟೆ. ಅಮಲಿನ ಮದ್ದು ಎಂಬ ಮಾತು ಎಲ್ಲಿಂದ ಬಂತು ಅಂದರೆ, ಕಾನೂನಿನಲ್ಲಿ ಇದು ನಿಯಂತ್ರಣದ ಪಟ್ಟಿಯಲ್ಲಿದೆ. ಅದಕ್ಕೇ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ, ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದೂ ಇಲ್ಲ. ದೊಡ್ಡವರು ಬೇರೆ ಉದ್ದೇಶಕ್ಕೆ ದುರುಪಯೋಗ ಮಾಡಬಹುದು, ಆದ್ದರಿಂದ ಬೀಗ ಹಾಕಿ ಇಡಿ. ಆದರೆ ಡಾಕ್ಟರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡ ಮಕ್ಕಳು ದೊಡ್ಡವರಾದ ಮೇಲೆ ಚಟಕ್ಕೆ ಬೀಳುವುದು ಜಾಸ್ತಿ ಎಂದು ಅವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಕಂಡಿಲ್ಲ. ಮಂಕಾಗುತ್ತಾನೆ ಎಂಬುದಕ್ಕೆ ಉತ್ತರ ಹೀಗಿದೆ: ಮಗು ಮಂಕಾದರೆ ಡೋಸ್ ಹೆಚ್ಚಾಯಿತು ಅಥವಾ ಆ ಮದ್ದು ಅವನಿಗೆ ಸರಿಹೊಂದಿಲ್ಲ ಎಂದರ್ಥ. ಅದನ್ನು ಸಹಿಸಿಕೊಂಡು ಕೊಡುತ್ತಾ ಹೋಗಬೇಕಾಗಿಲ್ಲ, ತಕ್ಷಣ ತಿಳಿಸಿ.

ನಿಜವಾಗಿ ಕಾಡುವುದು ಹಸಿವು. ಮಧ್ಯಾಹ್ನ ಶಾಲೆಯಲ್ಲಿ ಊಟ ಸೇರುವುದಿಲ್ಲ. ಹಾಗಾಗಿ ಬೆಳಿಗ್ಗೆ ದೋಸೆಯೋ ಗಂಜಿಯೋ ಹೊಟ್ಟೆ ತುಂಬಾ ತಿನ್ನಿಸಿ ಆಮೇಲೆ ಮಾತ್ರೆ ಕೊಡಿ. ಸಂಜೆ ಪರಿಣಾಮ ಇಳಿದ ಮೇಲೆ ಹಸಿವು ಒಮ್ಮೆಲೇ ಬರುತ್ತದೆ, ಆಗ ಬೇಕರಿ ತಿಂಡಿ ಕೊಟ್ಟು ಮುಗಿಸಬೇಡಿ, ಊಟವನ್ನೇ ಹಾಕಿ. ತಡವಾಗಿ ಕೊಟ್ಟರೆ ನಿದ್ದೆ ಬರುವುದಿಲ್ಲ. ಎತ್ತರ ಬೆಳೆಯುವುದು ಸ್ವಲ್ಪ ನಿಧಾನವಾಗಬಹುದು, ನಾಡಿ ಬಡಿತ, ರಕ್ತದೊತ್ತಡ ತುಸು ಏರಬಹುದು. ಇವನ್ನೆಲ್ಲ ಅಳೆದು ಬರೆದಿಡಬೇಕು.

ಈಗ ನನಗೆ ಬೇಸರವಾದ ಸಂಗತಿ. ಮೊದಲ ಸಲ ಮದ್ದು ಬರೆದು ಮೂರು ತಿಂಗಳು ಬಿಟ್ಟು ಬನ್ನಿ ಎನ್ನುವುದು ಸರಿಯಲ್ಲ. ಅಮೆರಿಕದಲ್ಲಿ 579 ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 1999ರಲ್ಲಿ ಬಂತು. ಒಂದು ಗುಂಪಿನ ಮಕ್ಕಳಿಗೆ ಅಧ್ಯಯನದ ಡಾಕ್ಟರುಗಳೇ ಮದ್ದು ಕೊಟ್ಟರು, ತಿಂಗಳಿಗೊಮ್ಮೆ ಕರೆದು ನೋಡಿದರು, ಟೀಚರ ಹತ್ತಿರ ವಿಚಾರಿಸಿದರು, ಡೋಸ್ ಸರಿಮಾಡಿದರು. ಇನ್ನೊಂದು ಗುಂಪಿನವರು ತಮ್ಮ ಊರಿನ ಡಾಕ್ಟರ ಹತ್ತಿರ ಎಂದಿನ ಹಾಗೆ ಹೋದರು. ಆ ಗುಂಪಿನಲ್ಲೂ ಮೂರರಲ್ಲಿ ಎರಡು ಪಾಲು ಮಕ್ಕಳು ಇದೇ ಜಾತಿಯ ಮದ್ದು ತಿಂದಿದ್ದರು. ಆದರೂ 14 ತಿಂಗಳ ಕೊನೆಗೆ ಮೊದಲ ಗುಂಪೇ ಹೆಚ್ಚು ಸುಧಾರಿಸಿತ್ತು. ಬೆನ್ನಿಗೆ ನಿಂತು ನೋಡಿಕೊಂಡದ್ದರ ಫಲ ಅದು. ನಿಮ್ಮ ಮಗನಿಗೂ ಅದು ಬೇಕು, ಮತ್ತು ಅದನ್ನು ಇಲ್ಲೇ ಮಾಡಿಕೊಳ್ಳಬಹುದು.

ಹೇಗೆ ಅಂದರೆ, ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಮಾತ್ರೆ ಶುರುಮಾಡಿದ ದಿನ, ಹೊತ್ತು, ಹಸಿವು, ನಿದ್ದೆ ಬರೆಯಿರಿ. ವಾರಕ್ಕೊಮ್ಮೆ ಕ್ಲಾಸ್ ಟೀಚರ ಹತ್ತಿರ ಎರಡೇ ಸಾಲು ಬರೆಸಿಕೊಳ್ಳಿ. ತಿಂಗಳಿಗೊಮ್ಮೆ ನಿಮ್ಮ ಪಂಚಾಯತಿನ ಆರೋಗ್ಯ ಕೇಂದ್ರಕ್ಕೆ ಹೋಗಿ ತೂಕ, ಎತ್ತರ, ಬಿ.ಪಿ., ನಾಡಿ ನೋಡಿಸಿ ಅದೇ ಪುಸ್ತಕದಲ್ಲಿ ಬರೆಸಿ. ಮಂಗಳೂರಿನ ಡಾಕ್ಟರಿಗೆ ಫೋನ್ ಮಾಡಿ, ಮೊದಲ ತಿಂಗಳಲ್ಲೇ ಒಮ್ಮೆ ತೋರಿಸುತ್ತೇವೆ ಎಂದು ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ಕೇರಳ-ಕರ್ನಾಟಕ ಗಡಿಯ ಆಚೆ ಡಾಕ್ಟರು, ಈಚೆ ಶಾಲೆ, ಇಬ್ಬರೂ ಒಬ್ಬರಿಗೊಬ್ಬರು ಸಿಗುವುದಿಲ್ಲ. ನಡುವೆ ಸುದ್ದಿ ಮುಟ್ಟಿಸಲು ಈ ಪುಸ್ತಕ ಬೇಕು.

ಮದ್ದಿನ ಜೊತೆ ಮನೆಯಲ್ಲೂ ಕೆಲಸವಿದೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಮಾಡಿದ ಕೂಡಲೇ ಹೊಗಳಿ, ಸಂಜೆಗೆ ಇಡಬೇಡಿ. ಹತ್ತು ನಿಮಿಷ ಬರೆದ ಮೇಲೆ ಅಂಗಳಕ್ಕೆ ಬಿಟ್ಟುಬಿಡಿ, ಪುನಃ ಕರೆಯಿರಿ. ಹೆತ್ತವರಿಗೆ ಇದನ್ನು ಕಲಿಸುವ ತರಬೇತಿಯೇ ಇದೆ, ಆರು ವರ್ಷಕ್ಕಿಂತ ಸಣ್ಣ ಮಕ್ಕಳಲ್ಲಿ ಮೊದಲು ಕೊಡುವ ಚಿಕಿತ್ಸೆಯೂ ಅದೇ.

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ, ಹತ್ತನೇ ತರಗತಿ. ಕೆಲವು ತಿಂಗಳಿಂದ ಯಾರ ಹತ್ತಿರವೂ ಮಾತಿಲ್ಲ, ಊಟ ಸೇರುವುದಿಲ್ಲ, "ನಾನು ಯಾಕೆ ಬೇಕು" ಎನ್ನುತ್ತಿದ್ದಳು. ಡಾಕ್ಟರು ಡಿಪ್ರೆಶನ್ ಎಂದು ಫ್ಲುಆಕ್ಸೆಟಿನ್ ಕೊಟ್ಟು ಹತ್ತು ದಿನ ಆಯಿತು. ಮೊಬೈಲಿನಲ್ಲಿ ನೋಡಿದರೆ ಈ ಮದ್ದಿನಿಂದ ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಜಾಸ್ತಿಯಾಗುತ್ತದೆ ಎಂದು ಇದೆ. ನನಗೆ ನಿದ್ದೆಯಿಲ್ಲ. ನಿಲ್ಲಿಸಿಬಿಡಲಾ? ಕೌನ್ಸೆಲಿಂಗ್‌ಗೆ ಕಳಿಸಿದ್ದೆವು, ಅಲ್ಲಿ ಮಲಯಾಳದಲ್ಲಿ ಮಾತಾಡುತ್ತಾರೆ, ಇವಳು ಬರೀ ಹೂಂ ಹೂಂ ಎಂದು ಬಂದಿದ್ದಾಳೆ. ಮನೆಯಲ್ಲಿ ನಾವು ತುಳು ಮಾತಾಡುವವರು, ಶಾಲೆ ಕನ್ನಡ.
— ಒಬ್ಬ ತಂದೆ, ಮಂಜೇಶ್ವರ ತಾಲೂಕು

ಉತ್ತರ: ಅಣ್ಣ, ನಿಲ್ಲಿಸಬೇಡಿ. ಆದರೆ ನಿಮ್ಮ ಹೆದರಿಕೆಯನ್ನು ನಾನು ತಳ್ಳಿಹಾಕುವುದೂ ಇಲ್ಲ.

ನೀವು ಓದಿದ್ದು ಸುಳ್ಳಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2004ರಲ್ಲಿ ಈ ಎಚ್ಚರಿಕೆಯನ್ನು ಮದ್ದಿನ ಮೇಲೆಯೇ ಅಚ್ಚುಹಾಕಿಸಿತು. ಹಲವು ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿದಾಗ, ಮದ್ದು ತೆಗೆದುಕೊಂಡ ಮಕ್ಕಳಲ್ಲಿ ನೂರಕ್ಕೆ ಸುಮಾರು 4 ಮಂದಿಗೆ ಅಂಥ ಯೋಚನೆ ಅಥವಾ ನಡವಳಿಕೆ ಕಂಡಿತ್ತು. ಮದ್ದಿಲ್ಲದ ಸುಳ್ಳು ಮಾತ್ರೆ ತಿಂದವರಲ್ಲಿ ನೂರಕ್ಕೆ 2. ಆ ಪರೀಕ್ಷೆಗಳಲ್ಲಿ ಒಂದು ಮಗುವೂ ಸಾಯಲಿಲ್ಲ. ಅಪಾಯ ಸಣ್ಣದು, ಆದರೆ ಇದೆ, ಮತ್ತು ಅದು ಹೆಚ್ಚಾಗಿ ಶುರುವಿನ ವಾರಗಳಲ್ಲಿ, ಡೋಸ್ ಬದಲಿಸಿದ ದಿನಗಳಲ್ಲಿ ಕಾಣುತ್ತದೆ. ಅಂದರೆ ನೀವೀಗ ಸರಿಯಾಗಿ ಆ ದಿನಗಳಲ್ಲೇ ಇದ್ದೀರಿ. ಇನ್ನೊಂದು ಕಡೆ, ಚಿಕಿತ್ಸೆಯಿಲ್ಲದ ಡಿಪ್ರೆಶನ್ ತಾನೇ ಜೀವಕ್ಕೆ ಅಪಾಯ. ನಿಮ್ಮ ಮಗಳು "ನಾನು ಯಾಕೆ ಬೇಕು" ಎಂದದ್ದು ಮದ್ದಿಗಿಂತ ಮುಂಚೆ.

ಹಾಗಾಗಿ ಈ ಕೆಲವು ವಾರ ಮಗಳ ಹತ್ತಿರವೇ ಇರಿ. ನಿದ್ದೆ ಇದ್ದಕ್ಕಿದ್ದಂತೆ ಬಿಟ್ಟುಹೋಯಿತಾ, ಕೂತಲ್ಲಿ ಕೂರಲಾಗದ ಚಡಪಡಿಕೆ ಬಂತಾ, ಎಂದೂ ಇಲ್ಲದ ಸಿಟ್ಟು, ಅತಿಯಾದ ಉತ್ಸಾಹ, ಬೇಕಾದ ವಸ್ತುಗಳನ್ನು ಗೆಳತಿಯರಿಗೆ ಕೊಟ್ಟುಬಿಡುವುದು, ಇಂಥದ್ದು ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅದೇ ದಿನ ಫೋನ್ ಮಾಡಿ, ಸಿಗದಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಿ. ಕುಟುಂಬದಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ಅತಿ ಉತ್ಸಾಹಕ್ಕೆ ಏರಿ ಇನ್ನೊಮ್ಮೆ ತೀರಾ ಕುಗ್ಗುವುದು) ಇದ್ದರೆ ಡಾಕ್ಟರಿಗೆ ಹೇಳಿ, ಅಂಥ ಮಕ್ಕಳಲ್ಲಿ ಈ ಮದ್ದು ಮನಸ್ಸನ್ನು ಅತಿ ಎತ್ತರಕ್ಕೆ ಕೊಂಡೊಯ್ಯಬಹುದು. ಮತ್ತು ಮಗಳ ಹತ್ತಿರ ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸುತ್ತದಾ ಮಗಳೇ?" ಕೇಳಿದರೆ ಯೋಚನೆ ಹುಟ್ಟುತ್ತದೆ ಎಂದು ಎಷ್ಟೋ ಮಂದಿ ಹೆದರುತ್ತಾರೆ. ಹಾಗೆ ಹುಟ್ಟುವುದಿಲ್ಲ. ಕೇಳಿದರೆ ಮಕ್ಕಳಿಗೆ ಭಾರ ಇಳಿಯುತ್ತದೆ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಅಡಿಕೆ ತೋಟ ಇರುವ ಮನೆಗಳಲ್ಲಿ ಮೈಲುತುತ್ತು, ಕಳೆನಾಶಕ, ಇಲಿ ಪಾಷಾಣ ಎಲ್ಲ ಚಾವಡಿಯ ಮೂಲೆಯಲ್ಲೋ ಪಂಪ್ ಶೆಡ್ಡಿನಲ್ಲೋ ಸುಮ್ನೆ ಬಿದ್ದಿರುತ್ತದೆ. ಅವನ್ನು ಮನೆಯಿಂದಲೇ ಸಾಗಿಸಿ, ಆಗದಿದ್ದರೆ ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರ ಇರಲಿ. ಅಜ್ಜನ ಶುಗರ್, ಬಿ.ಪಿ. ಮಾತ್ರೆಗಳನ್ನೂ, ಮಗಳ ಮಾತ್ರೆಯನ್ನೂ ಹಾಗೇ. ದಿನದ ಮಾತ್ರೆ ಅಮ್ಮನ ಕೈಯಿಂದಲೇ ಹೋಗಲಿ. ಆ ಒಂದು ಕೆಟ್ಟ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಎನ್ನುವುದರ ಮೇಲೆ ಜೀವ ನಿಂತಿರುತ್ತದೆ. ನಾನು ಬೇರೆ ಯಾವ ಮಾತನ್ನು ಮರೆತರೂ ಹೆತ್ತವರಿಗೆ ಇದನ್ನು ಹೇಳದೆ ಕಳಿಸುವುದಿಲ್ಲ.

ಹತ್ತು ದಿನದಲ್ಲಿ ಗುಣ ಕಾಣದಿದ್ದರೆ ಗಾಬರಿ ಬೇಡ. ಎರಡರಿಂದ ನಾಲ್ಕು ವಾರಕ್ಕೆ ಸ್ವಲ್ಪ ಸ್ವಲ್ಪ ಬದಲಾವಣೆ ಶುರುವಾಗುತ್ತದೆ. ಪೂರ್ತಿ ಪರಿಣಾಮಕ್ಕೆ ಆರರಿಂದ ಎಂಟು ವಾರ. ಗುಣವಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತಾರೆ. ಥೈರಾಯ್ಡ್, ರಕ್ತಹೀನತೆ ಪರೀಕ್ಷೆ ಆಗಿರದಿದ್ದರೆ ಮಾಡಿಸಿ. ಮಾತ್ರೆ ಮುಗಿಯುವ ಹಿಂದಿನ ದಿನ ಮಂಗಳೂರಿಗೆ ಓಡುವುದು ಬೇಡ, ಕೈಯಲ್ಲಿ ಕೆಲವು ವಾರಕ್ಕಾಗುವಷ್ಟು ಇರಲಿ, ಬೀಗದೊಳಗೆ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನಮ್ಮ ಜಿಲ್ಲೆಯ ರೋಗಿಗಳು ಎಷ್ಟು ಕಷ್ಟಪಟ್ಟರು ಎಂದು ನಿಮಗೆ ನೆನಪಿರಬಹುದು.

ಈಗ ಕೌನ್ಸೆಲಿಂಗ್ ವಿಷಯ. ಅಮೆರಿಕದಲ್ಲಿ 12ರಿಂದ 17 ವರ್ಷದ 439 ಮಕ್ಕಳನ್ನು ಹನ್ನೆರಡು ವಾರ ನೋಡಿದ ಒಂದು ಅಧ್ಯಯನದ ಫಲಿತಾಂಶವೂ 2004ರಲ್ಲೇ ಬಂತು. ಫ್ಲುಆಕ್ಸೆಟಿನ್ ಜೊತೆಗೆ ಯೋಚನೆ-ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ, ಅಂದರೆ ಸಿ.ಬಿ.ಟಿ., ಎರಡೂ ಸಿಕ್ಕಿದವರಲ್ಲಿ ನೂರಕ್ಕೆ 71 ಮಂದಿ ಸುಧಾರಿಸಿದರು. ಮದ್ದು ಮಾತ್ರ ಸಿಕ್ಕಿದವರಲ್ಲಿ 61, ಮಾತಿನ ಚಿಕಿತ್ಸೆ ಮಾತ್ರ ಸಿಕ್ಕಿದವರಲ್ಲಿ 43, ಸುಳ್ಳು ಮಾತ್ರೆಯವರಲ್ಲಿ 35. ಆತ್ಮಹತ್ಯೆಯ ಯೋಚನೆ ಅತಿ ಹೆಚ್ಚು ಇಳಿದದ್ದೂ ಎರಡೂ ಸಿಕ್ಕಿದವರಲ್ಲಿ. ಹಾಗಾಗಿ ನಿಮ್ಮ ಮಗಳಿಗೆ ಎರಡನೆಯದು ಸಿಗದೆ ಹೋಗುವುದನ್ನು ನಾನು ಸಣ್ಣ ವಿಷಯ ಎಂದು ಬಿಡಲಾರೆ. ಮನಸ್ಸಿನ ಮಾತು ಮನಸ್ಸಿನ ಭಾಷೆಯಲ್ಲೇ ಆಗಬೇಕು. ಅಂಗಡಿಯಲ್ಲಿ, ಬಸ್ಸಿನಲ್ಲಿ ಮಲಯಾಳ ಚೆನ್ನಾಗಿ ಬರುವ ಮಕ್ಕಳೂ ಅಳುವ ಹೊತ್ತಿಗೆ ಮನೆಮಾತಿಗೆ ತಿರುಗುತ್ತಾರೆ. ಇದರಲ್ಲಿ ಆ ಕೌನ್ಸೆಲರ್ ತಪ್ಪಿಲ್ಲ. ಆದರೆ ಕೇಳುವ ಹಕ್ಕು ನಿಮಗಿದೆ: ತುಳು ಅಥವಾ ಕನ್ನಡ ಬರುವ ಬೇರೆ ಯಾರಾದರೂ ಇದ್ದಾರಾ? ಇಲ್ಲದಿದ್ದರೆ ಮಂಗಳೂರಿನವರು ವಾರಕ್ಕೊಮ್ಮೆ ವಿಡಿಯೊ ಕಾಲಿನಲ್ಲಿ ಮಾತಾಡಬಹುದಾ? ತಂಗಿಯನ್ನೋ ನೆಂಟರನ್ನೋ ನಡುವೆ ಕೂರಿಸಿ ಅನುವಾದ ಮಾಡಿಸಬೇಡಿ, ಅವರೆದುರು ಅವಳು ಬಾಯಿ ಬಿಡುವುದಿಲ್ಲ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಉಚಿತ, ಹಗಲೂ ರಾತ್ರಿಯೂ ಇದೆ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಕರೆ ಮಾಡಿದಾಗ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಈ ನಂಬರನ್ನು ಮಗಳ ಮೊಬೈಲಿನಲ್ಲೂ ನಿಮ್ಮದರಲ್ಲೂ ಹಾಕಿಡಿ.

ಕೊನೆಯದಾಗಿ, ಈ ಎಲ್ಲರನ್ನೂ ಒಂದೇ ದಾರದಲ್ಲಿ ಕಟ್ಟುವವರು ಒಬ್ಬರು ಬೇಕು. ಸಹಯೋಗದ ಚಿಕಿತ್ಸೆ ಎಂದು ವೈದ್ಯರು ಹೇಳುವುದು ಇದನ್ನೇ. ಊರಿನ ಡಾಕ್ಟರು ನೋಡುತ್ತಾರೆ, ತರಬೇತಿ ಪಡೆದ ಒಬ್ಬ ನರ್ಸ್ ಅಥವಾ ಸಮಾಜ ಕಾರ್ಯಕರ್ತೆ ವಾರ ವಾರ ಫೋನ್ ಮಾಡಿ ವಿಚಾರಿಸುತ್ತಾರೆ, ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಅಂಕ ಹಾಕುತ್ತಾರೆ, ಅಂಕ ಇಳಿಯದಿದ್ದರೆ ಮನೋವೈದ್ಯರ ಹತ್ತಿರ ಕೇಳಿ ಮದ್ದು ಬದಲಿಸುತ್ತಾರೆ. 2014ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಡಿಪ್ರೆಶನ್ ಇದ್ದ 101 ಹದಿಹರೆಯದ ಮಕ್ಕಳನ್ನು ನೋಡಿದರು. ಒಂದು ವರ್ಷದ ನಂತರ ಹೀಗೆ ನೋಡಿಕೊಂಡವರಲ್ಲಿ ಅರ್ಧದಷ್ಟು ಮಂದಿ ಕಾಯಿಲೆಯಿಂದ ಪೂರ್ತಿ ಹೊರಬಂದಿದ್ದರು. ಎಂದಿನಂತೆ ಚಿಕಿತ್ಸೆ ಪಡೆದವರಲ್ಲಿ ಐದರಲ್ಲಿ ಒಬ್ಬರು ಮಾತ್ರ. ನಮ್ಮಲ್ಲೂ ಇದಕ್ಕೆ ಬೇರು ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸುಗಳಿಗೆ ಕಲಿಸಿ ಮನಸ್ಸಿನ ಕಾಯಿಲೆಯನ್ನು ಊರಲ್ಲೇ ನೋಡುವ ಕ್ರಮ ಮಾಡಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಕೇರಳದಲ್ಲಿ ಈ ಕಾರ್ಯಕ್ರಮದ ತಂಡ ತಿಂಗಳ ಗೊತ್ತಾದ ದಿನ ಊರಿನ ಸರಕಾರಿ ಆಸ್ಪತ್ರೆಗಳಿಗೆ ಬರುತ್ತದೆ, ಮದ್ದು ಉಚಿತ. ನಿಮ್ಮ ಕಡೆಗೆ ಯಾವ ದಿನ ಬರುತ್ತದೆ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ. ಮಂಗಳೂರಿನ ಚೀಟಿ ತೋರಿಸಿ ಇಲ್ಲಿಯ ಡಾಕ್ಟರನ್ನೂ ಜೊತೆಗೆ ಸೇರಿಸಿಕೊಳ್ಳಿ.

ಪ್ರಶ್ನೆ: ನಮ್ಮ ಶಾಲೆಯ ಕೆಲವು ಮಕ್ಕಳು ಇಂಥ ಮದ್ದು ತೆಗೆದುಕೊಳ್ಳುತ್ತಾರೆ. ಒಬ್ಬನ ಅಮ್ಮ ಮಧ್ಯಾಹ್ನದ ಮಾತ್ರೆ ನೀವೇ ಕೊಡಿ ಟೀಚರ್ ಎಂದು ಕೈಗೆ ಕೊಟ್ಟಿದ್ದಾರೆ. ಕೊಡಬಹುದಾ? ಇನ್ನು ಕೆಲವರು ಮುಚ್ಚಿಡುತ್ತಾರೆ. ನಾವು ಏನು ಮಾಡಬೇಕು?
— ಒಬ್ಬ ಶಿಕ್ಷಕಿ, ಕುಂಬಳೆ

ಉತ್ತರ: ಟೀಚರ್, ಬಾಯಿಮಾತಿನಲ್ಲಿ ಕೊಡಬೇಡಿ. ಡಾಕ್ಟರ ಚೀಟಿಯ ನಕಲು, ಹೆತ್ತವರ ಸಹಿ ಇರುವ ಪತ್ರ, ಮುಖ್ಯೋಪಾಧ್ಯಾಯರ ಒಪ್ಪಿಗೆ, ಕೊಟ್ಟ ಹೊತ್ತು ಬರೆಯಲು ಒಂದು ಪುಸ್ತಕ, ಇಷ್ಟಿದ್ದರೆ ಕೊಡಬಹುದು. ಮಾತ್ರೆ ಮಗುವಿನ ಬ್ಯಾಗಿನಲ್ಲಿ ಇರಬಾರದು, ಬೀಗದ ಕಪಾಟಿನಲ್ಲಿರಲಿ. ಎಲ್ಲರೆದುರು ಹೆಸರು ಕೂಗಿ ಕರೆದು ಕೊಡಬೇಡಿ. ಇದಕ್ಕಿಂತ ಒಳ್ಳೆಯದೆಂದರೆ ಬೆಳಿಗ್ಗೆ ಮನೆಯಲ್ಲೇ ಒಮ್ಮೆ ಕೊಟ್ಟರೆ ಸಾಕಾಗುವ ಮಾತ್ರೆಗೆ ಬದಲಿಸಬಹುದಾ ಎಂದು ಡಾಕ್ಟರ ಹತ್ತಿರ ಕೇಳಲು ಆ ಅಮ್ಮನಿಗೆ ಹೇಳುವುದು.

ರೋಗದ ಹೆಸರು ನೀವು ಹೇಳಬೇಡಿ. "ಇವನಿಗೆ ಎ.ಡಿ.ಎಚ್.ಡಿ. ಇರಬೇಕು, ಮದ್ದು ಕೊಡಿಸಿ" ಎಂದು ಟೀಚರು ಹೇಳಿದರೆ ಹೆತ್ತವರು ಹೆದರಿ ಮುಚ್ಚಿಡುತ್ತಾರೆ. ಕಂಡದ್ದನ್ನು ಹೇಳಿ. "ಲೆಕ್ಕದ ಪಾಠದಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರುವುದಿಲ್ಲ, ಬೋರ್ಡಿನಿಂದ ಅರ್ಧ ಮಾತ್ರ ಬರೆದುಕೊಳ್ಳುತ್ತಾನೆ, ಕತೆ ಹೇಳುವಾಗ ಮಾತ್ರ ಕಣ್ಣು ಮಿಟುಕಿಸದೆ ಕೇಳುತ್ತಾನೆ." ಇಂಥ ನಾಲ್ಕು ಸಾಲು ನಮಗೆ ಸ್ಕ್ಯಾನಿಂಗ್ ವರದಿಗಿಂತ ಹೆಚ್ಚು ಉಪಯೋಗ. ಡಾಕ್ಟರು ಶಿಕ್ಷಕರಿಗೆಂದೇ ಪ್ರಶ್ನೆಗಳ ಹಾಳೆ ಕಳಿಸುವುದುಂಟು, ಪುರುಸೊತ್ತು ಮಾಡಿಕೊಂಡು ತುಂಬಿಸಿ. ಗೊತ್ತಾದ ಗುಟ್ಟು ಸ್ಟಾಫ್ ರೂಮಿನ ಮಾತಾಗಬಾರದು.

ಒಂದು ಸಂಗತಿ ನಿಮಗೆ ಕೆಲಸಕ್ಕೆ ಬರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕೆಯ ನ್ಯೂನತೆ, ಆಟಿಸಂ, ಮಾನಸಿಕ ಕಾಯಿಲೆ ಇವೆ. ಎ.ಡಿ.ಎಚ್.ಡಿ. ಬೇರೆಯಾಗಿ ಇಲ್ಲ. ಹಾಗಾಗಿ ಕಲಿಕೆಯ ಪರೀಕ್ಷೆಯನ್ನೂ ಮಾಡಿಸಿದರೆ ಎಸ್.ಎಸ್.ಎಲ್.ಸಿ. ಹೊತ್ತಿಗೆ ಹೆಚ್ಚು ಸಮಯದಂಥ ಸೌಲಭ್ಯಕ್ಕೆ ಅರ್ಜಿ ಹಾಕಲು ದಾರಿಯಾಗುತ್ತದೆ. ಹತ್ತನೇ ತರಗತಿಯ ಡಿಸೆಂಬರಿನಲ್ಲಿ ಶುರುಮಾಡಿದರೆ ತಡವಾಯಿತು.

ಪ್ರಶ್ನೆ: ಮೊಮ್ಮಗಳಿಗೆ 12 ವರ್ಷ. ಕೈ ತೊಳೆದು ತೊಳೆದು ಚರ್ಮ ಸುಲಿದಿದೆ. ಸ್ನಾನಕ್ಕೆ ಹೋದರೆ ಒಂದು ಗಂಟೆ. ನಮ್ಮದು ಮಡಿ ಇರುವ ಮನೆ, ಮೊದಲು ಶಿಸ್ತಿನ ಹುಡುಗಿ ಎಂದು ಸಂತೋಷಪಟ್ಟಿದ್ದೆ. ಈಗ "ಅಜ್ಜಿ, ನನಗೆ ತಾಗಿಲ್ಲ ಅಲ್ವಾ?" ಎಂದು ದಿನವಿಡೀ ಕೇಳುತ್ತಾಳೆ. ಡಾಕ್ಟರು ಒ.ಸಿ.ಡಿ. (ಬೇಡದ ಯೋಚನೆ ಪದೇ ಪದೇ ಬಂದು ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕಾಯಿಲೆ) ಎಂದು ಸರ್ಟ್ರಾಲಿನ್ ಕೊಟ್ಟಿದ್ದಾರೆ. ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿ ಪರಿಹಾರವೂ ಮಾಡಿಸಿದ್ದೇವೆ. ಒಂದು ತಿಂಗಳಾದರೂ ಗುಣ ಕಾಣುವುದಿಲ್ಲವಲ್ಲ.
— ಒಬ್ಬ ಅಜ್ಜಿ, ಮುಳ್ಳೇರಿಯ

ಉತ್ತರ: ಅಜ್ಜಿ, ನಿಮ್ಮ ಪತ್ರ ಓದಿ ಸಮಾಧಾನವಾಯಿತು, ಯಾಕೆಂದರೆ ಆಚಾರದ ಮನೆಗಳಲ್ಲಿ ಈ ಕಾಯಿಲೆ ವರ್ಷಗಟ್ಟಲೆ ಮಡಿಯ ಹೆಸರಿನಲ್ಲಿ ಅಡಗಿರುತ್ತದೆ, ನೀವು ಗುರುತಿಸಿದಿರಿ. ನಿಮ್ಮ ಮಡಿ ಒಮ್ಮೆ ಮಿಂದರೆ ಮುಗಿಯುತ್ತದೆ, ನಿಮಗೆ ನೆಮ್ಮದಿ ಕೊಡುತ್ತದೆ. ಅವಳದ್ದು ಮುಗಿಯುವುದೇ ಇಲ್ಲ, ಅವಳಿಗೇ ಅದು ಬೇಡವಾಗಿದೆ. ವ್ಯತ್ಯಾಸ ಅಲ್ಲಿದೆ.

ಒ.ಸಿ.ಡಿ.ಗೆ ಮದ್ದು ನಿಧಾನ. ಡಿಪ್ರೆಶನ್‌ಗಿಂತ ಜಾಸ್ತಿ ಸಮಯ ಬೇಕು, ಎಷ್ಟೋ ಸಲ ಹೆಚ್ಚು ಡೋಸ್ ಬೇಕು. ಹತ್ತು-ಹನ್ನೆರಡು ವಾರ ಕಳೆಯದೆ ಫಲವಿಲ್ಲ ಎಂದು ತೀರ್ಮಾನಿಸಬಾರದು. ಜೊತೆಗೆ ಒಂದು ಅಭ್ಯಾಸದ ಚಿಕಿತ್ಸೆ ಇದೆ. ಹೆದರುವ ವಸ್ತುವನ್ನು ಸ್ವಲ್ಪ ಸ್ವಲ್ಪವೇ ಮುಟ್ಟಿಸಿ, ತೊಳೆಯದೆ ಇರುವುದನ್ನು ಕಲಿಸುತ್ತಾರೆ. ಆತಂಕ ಮೇಲೇರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಇದು ಕಲಿತವರ ಕೈಯಲ್ಲೇ ಆಗಬೇಕು, ಮನೆಯಲ್ಲಿ ಒತ್ತಾಯದಿಂದ ಮಾಡಿಸಬೇಡಿ.

ಇದರಲ್ಲಿ ನಿಮ್ಮ ಪಾಲು ದೊಡ್ಡದು. ಅವಳು ಕೇಳಿದಾಗಲೆಲ್ಲ "ತಾಗಿಲ್ಲ ಮಗಾ" ಎಂದು ಪ್ರೀತಿಯಿಂದ ಹೇಳುತ್ತೀರಿ, ಅಲ್ವಾ? ಆ ಉತ್ತರ ಒಂದು ಗಳಿಗೆ ಸಮಾಧಾನ ಕೊಟ್ಟು ಕಾಯಿಲೆಯನ್ನು ಬೆಳೆಸುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮಗು ಕಂಗಾಲಾಗುತ್ತಾಳೆ. ಚಿಕಿತ್ಸೆ ಕೊಡುವವರು, ಅಪ್ಪ ಅಮ್ಮ, ನೀವು ಮತ್ತು ಅವಳು ಒಟ್ಟಿಗೆ ಕೂತು ಮೊದಲೇ ಒಪ್ಪಿಕೊಂಡು ಕಡಿಮೆ ಮಾಡಬೇಕು. "ಇದು ಒ.ಸಿ.ಡಿ. ಕೇಳುತ್ತಿರುವ ಪ್ರಶ್ನೆ, ನಿನಗೆ ಎಷ್ಟು ಕಷ್ಟ ಆಗ್ತಿದೆ ಅಂತ ನನಗೆ ಗೊತ್ತು" ಎಂದು ಹೇಳಿ ಹತ್ತಿರ ಕೂರಿ. ಮನೆಯಲ್ಲಿ ನಾಲ್ಕು ಮಂದಿ ಹೀಗೆ ಮಾಡಿ ಒಬ್ಬರು ಹಳೆಯ ಉತ್ತರವನ್ನೇ ಕೊಟ್ಟರೆ ಅವಳು ಅವರ ಹತ್ತಿರವೇ ಹೋಗುತ್ತಾಳೆ.

ಪ್ರಶ್ನೆ ಇಡಿಸಿದ್ದಕ್ಕೆ, ಪೂಜೆಗೆ ನನ್ನ ಆಕ್ಷೇಪವಿಲ್ಲ. ಮನೆಯವರಿಗೆ ಅದರಿಂದ ಧೈರ್ಯ ಬರುವುದಿದ್ದರೆ ಬರಲಿ. ಆದರೆ "ದೋಷ ಕಳೆಯಿತು, ಇನ್ನು ಮಾತ್ರೆ ಬೇಡ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಏನೆಂದು ಹೆಸರಿಲ್ಲದ ಪುಡಿ, ಲೇಹ್ಯ ಕೊಡುವುದಿದ್ದರೆ ಡಾಕ್ಟರಿಗೆ ಮೊದಲೇ ತೋರಿಸಿ. ಮತ್ತು ಸ್ನಾನ ಹೆಚ್ಚು, ಮಡಿ ಹೆಚ್ಚು ಎನ್ನುವ ವ್ರತ ಏನಾದರೂ ಪರಿಹಾರವಾಗಿ ಹೇಳಿದ್ದರೆ ಅದು ಅವಳಿಗೆ ಬೇಡ, ನೀವು ಮಾಡಿ.

ಪ್ರಶ್ನೆ: ನಾವು ತಮಿಳುನಾಡಿನ ತಾಳವಾಡಿಯವರು. ಮಗನಿಗೆ ಆರು ವರ್ಷ, ಆಟಿಸಂ. ಅದಕ್ಕೆ ಮಾತ್ರೆ ಇದೆ ಎಂದು ಒಬ್ಬರು ಹೇಳಿದರು. ನಿಜವೇ?

ಉತ್ತರ: ಆಟಿಸಂ ಅನ್ನೇ ಗುಣ ಮಾಡುವ ಮಾತ್ರೆ ಇಲ್ಲ. ಹಾಗೆ ಹೇಳಿ ದುಡ್ಡು ಕೇಳುವವರನ್ನು ನಂಬಬೇಡಿ. ವಿಪರೀತ ಸಿಟ್ಟು, ತಲೆ ಚಚ್ಚಿಕೊಳ್ಳುವುದು, ಕಚ್ಚುವುದು ಇದ್ದರೆ ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಕೊಡುವುದುಂಟು, ಅದೂ ಬೇರೆ ಉಪಾಯ ಸಾಲದಿದ್ದಾಗ. ತೂಕ ಮತ್ತು ಸಕ್ಕರೆಯ ಮೇಲೆ ಕಣ್ಣಿಡಬೇಕು. ಮಗು ಚಚ್ಚಿಕೊಳ್ಳುವುದಕ್ಕೆ ಹಲ್ಲುನೋವು, ಕಿವಿನೋವು, ಮಲಬದ್ಧತೆ ಕಾರಣವಾ ಎಂದು ಮೊದಲು ನೋಡಿಸಿ, ಮಾತು ಬಾರದ ಮಗು ನೋವನ್ನು ಹೀಗೂ ಹೇಳುತ್ತದೆ. ಮಾತಿನ ತರಬೇತಿ ಮನೆಮಾತು ಕನ್ನಡದಲ್ಲೇ ನಡೆಯಲಿ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆ ಮಾತಾಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಬರುವುದಿಲ್ಲ, ಹೆಚ್ಚಾಗುವುದೂ ಇಲ್ಲ.

ಪ್ರಶ್ನೆ: ನನಗೆ 17 ವರ್ಷ, ಪ್ಲಸ್ ಟು. ಆತಂಕಕ್ಕೆ ಎಸಿಟಲೊಪ್ರಾಮ್ ತೆಗೆದುಕೊಂಡು ಎಂಟು ತಿಂಗಳಾಯಿತು. ಈಗ ಆರಾಮಾಗಿದ್ದೇನೆ. ಫ್ರೆಂಡ್ಸ್‌ಗೆ ಗೊತ್ತಾಗಿ ಹುಚ್ಚಿನ ಮಾತ್ರೆ ಅಂತಾರೆ. ಮುಂದೆ ಗಲ್ಫ್‌ಗೆ ಹೋಗಬೇಕು ಅಂತಿದೆ. ನಿಲ್ಲಿಸಬಹುದಾ? ನಾನು ಡಾಕ್ಟರ ಹತ್ತಿರ ಹೇಳಿದ್ದನ್ನೆಲ್ಲ ಅವರು ಅಪ್ಪನಿಗೆ ಹೇಳ್ತಾರಾ?
— ಒಬ್ಬ ವಿದ್ಯಾರ್ಥಿ, ಉಪ್ಪಳ

ಉತ್ತರ: ನೀನೇ ಕೂತು ಬರೆದೆಯಲ್ಲ, ತುಂಬಾ ಸಂತೋಷ.

ಆರಾಮಾಗಿದ್ದೀಯಾ ಅಂದರೆ ನಿಲ್ಲಿಸುವ ಮಾತು ಎತ್ತುವುದರಲ್ಲಿ ತಪ್ಪೇನಿಲ್ಲ. ಆದರೆ ಇವತ್ತಿನಿಂದ ಬಂದ್ ಎಂದು ಒಮ್ಮೆಲೇ ಬಿಡಬೇಡ. ತಲೆಸುತ್ತು, ವಾಕರಿಕೆ, ಕಿರಿಕಿರಿ, ಕರೆಂಟ್ ಹೊಡೆದ ಹಾಗೆ ತಲೆಯೊಳಗೆ ಜುಂ ಎನ್ನುವುದು ಎಲ್ಲ ಬರಬಹುದು. ಅದು ಚಟದ ಲಕ್ಷಣ ಅಲ್ಲ, ಮೆದುಳಿಗೆ ಹೊಂದಿಕೊಳ್ಳಲು ಸಮಯ ಬೇಕಾಗುತ್ತದೆ ಅಷ್ಟೇ. ಡಾಕ್ಟರು ವಾರಗಳ ಲೆಕ್ಕದಲ್ಲಿ ಇಳಿಸಿಕೊಡುತ್ತಾರೆ. ನಿನಗೆ ಪ್ಲಸ್ ಟು ಪರೀಕ್ಷೆ ಮಾರ್ಚ್ ಹೊತ್ತಿಗೆ. ಅದರ ಮುಂಚೆ ಇಳಿಸುವುದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಆತಂಕವನ್ನು ನಿಭಾಯಿಸುವ ಉಪಾಯಗಳನ್ನು ಮಾತಿನ ಚಿಕಿತ್ಸೆಯಲ್ಲಿ ಕಲಿತಿದ್ದೀಯಾ? ಕಲಿಯದಿದ್ದರೆ ಈಗಲೇ ಶುರುಮಾಡು. ಮಾತ್ರೆ ಬಿಟ್ಟ ಮೇಲೆ ಕೈಹಿಡಿಯುವುದು ಅದೇ.

ನೀನು ಹೇಳಿದ್ದನ್ನೆಲ್ಲ ಅಪ್ಪನಿಗೆ ಒಪ್ಪಿಸುವುದು ಡಾಕ್ಟರ ಕೆಲಸವಲ್ಲ. ನಿನ್ನ ಜೀವಕ್ಕೋ ಬೇರೆಯವರಿಗೋ ಅಪಾಯ ಇದ್ದರೆ, ಯಾರಾದರೂ ನಿನಗೆ ದೌರ್ಜನ್ಯ ಮಾಡುತ್ತಿದ್ದರೆ, ಆಗ ಗುಟ್ಟು ಉಳಿಯುವುದಿಲ್ಲ. ಮದ್ದಿನ ತೀರ್ಮಾನಕ್ಕೆ ಮಾತ್ರ ನಿನಗೆ 18 ಆಗುವವರೆಗೆ ಹೆತ್ತವರ ಒಪ್ಪಿಗೆ ಬೇಕು. ಮುಂದಿನ ಸಲ ಹೋದಾಗ, "ಏನು ಹೇಳ್ತೀರಿ, ಏನು ಹೇಳಲ್ಲ" ಎಂದು ನೀನೇ ಮೊದಲು ಕೇಳು. 18 ತುಂಬಿದ ಮೇಲೆ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಪ್ರಕಾರ ನಿನ್ನ ಚಿಕಿತ್ಸೆಯ ತೀರ್ಮಾನ ನಿನ್ನದು. ಎಷ್ಟೋ ಹುಡುಗರು ಆ ವಯಸ್ಸಿನಲ್ಲಿ ಕಾಲೇಜಿಗೆಂದು ಊರು ಬಿಡುತ್ತಾರೆ, ಮಕ್ಕಳ ಡಾಕ್ಟರು ಬಿಟ್ಟುಹೋಗುತ್ತಾರೆ, ದೊಡ್ಡವರ ಡಾಕ್ಟರ ಹತ್ತಿರ ಹೋಗಿರುವುದಿಲ್ಲ. ಎಲ್ಲಿಗೆ ಹೋದರೂ ಚಿಕಿತ್ಸೆಯ ಸಾರಾಂಶ ಬರೆದ ಒಂದು ಕಾಗದ ಕೇಳಿ ತೆಗೆದುಕೋ.

ಹೊರದೇಶಕ್ಕೆ ಹೋಗುವ ಹೊತ್ತಿಗೆ ಮಾತ್ರೆ ಮುಗಿದೇ ಹೋಗಿರಬಹುದು. ಮುಗಿಯದಿದ್ದರೂ ಅದನ್ನು ತಿನ್ನುತ್ತಾ ಕೆಲಸ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಚೀಟಿ ಜೊತೆಗಿರಲಿ, ಆ ದೇಶಕ್ಕೆ ಮದ್ದು ಒಯ್ಯಲು ಅನುಮತಿ ಬೇಕಾ ಎಂದು ಹೊರಡುವ ಮೊದಲೇ ವಿಚಾರಿಸು. ಫ್ರೆಂಡ್ಸ್ ಮಾತಿಗೆ ಉತ್ತರ ಕೊಡಲೇಬೇಕು ಅಂತಿಲ್ಲ, ಕೊಡಬೇಕು ಅನಿಸಿದರೆ "ಆತಂಕಕ್ಕೆ ಮದ್ದು ತಗೊಳ್ತಿದ್ದೆ, ಈಗ ಆರಾಮಿದ್ದೇನೆ" ಅನ್ನು, ಸಾಕು. ಅವರಲ್ಲಿ ಯಾರಾದರೂ ಆಮೇಲೆ ಒಬ್ಬನೇ ಬಂದು ಯಾವ ಡಾಕ್ಟರು ಎಂದು ಕೇಳಿದರೆ ನಂಬರ್ ಕೊಡು.